ಮಡಿಕೇರಿಯ ಮಳೆ ಕಂಡ ಎರಡು ಏರುಮಡಿಗಳು: ಕಟ್ಟಿಕೊಡುವ ಸೇವೆಯ ಬಗ್ಗೆ

ಕಳೆದ ಏಪ್ರಿಲ್‌ನಲ್ಲಿ ಮಡಿಕೇರಿ ಸಮೀಪದ ನಮ್ಮ ಮನೆಯ ಹಿತ್ತಿಲಿನಲ್ಲಿ ಸಾವಯವ ತರಕಾರಿಗಾಗಿ ಎರಡು ಏರುಮಡಿಗಳನ್ನು, ಅಂದರೆ ನೆಲದಿಂದ ಎತ್ತರಿಸಿದ ಮಣ್ಣಿನ ಪಾತಿಗಳನ್ನು, ಕಟ್ಟಿಸಿಕೊಂಡೆವು. ಮನೆಗೇ ಬಂದು ಚೌಕಟ್ಟು ಜೋಡಿಸಿ, ಮಣ್ಣು ತುಂಬಿ, ಸಸಿ ನೆಟ್ಟುಕೊಡುವ ಈ ಸೇವೆಗೆ ಎರಡಕ್ಕೂ ಸೇರಿ 26,000 ರೂಪಾಯಿ ಕೊಟ್ಟೆವು. ಕೊಡಗಿನಲ್ಲಿ ಇಂಥ ಕೆಲಸದ ಗುಣ ತಿಳಿಯಬೇಕಾದರೆ ಜುಲೈ-ಆಗಸ್ಟ್‌ನಲ್ಲಿ ಬರುವ ಕಕ್ಕಡ ತಿಂಗಳ ಮಳೆ ಕಳೆಯಬೇಕು. ಆದ್ದರಿಂದಲೇ ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಮುಗಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಅಡುಗೆಮನೆಯ ಕಿಟಕಿಗೆ ಕಾಣುವಂತೆ ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ಅಂಚಿನಲ್ಲಿಯೇ ಮಡಿ ಕಟ್ಟಿಸಬೇಕೆಂಬುದು ನಮ್ಮ ಆಸೆಯಾಗಿತ್ತು. ಕೆಲಸದ ತಂಡದ ಹಿರಿಯರು ಜಾಗ ನೋಡಿದೊಡನೆ, "ಅಕ್ಕಾ, ಬರೆಯ ತುದಿಗೆ ಇಷ್ಟು ಭಾರ ಬೇಡ, ಮಣ್ಣು ನೆನೆದರೆ ಒಂದೊಂದು ಮಡಿಯೂ ಎರಡು ಟನ್ ತೂಗುತ್ತದೆ" ಎಂದರು. 8 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮಡಿಗೆ 48 ಘನ ಅಡಿ ಮಣ್ಣು ಬೇಕಾಗುವುದರಿಂದ ಅವರ ಲೆಕ್ಕ ಸರಿಯಾಗಿಯೇ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ನಮಗೆ ಹೆಚ್ಚು ವಿವರಿಸಿ ಹೇಳಬೇಕಾಗಿರಲಿಲ್ಲ. ಬರೆಯಿಂದ 12 ಅಡಿ ಒಳಗೆ, ಸಿಲ್ವರ್ ಓಕ್ ಮರಗಳ ನೆರಳು ಬೀಳದ ಕಡೆ ಮಡಿಗಳನ್ನು ಕಟ್ಟಿದರು. ಎರಡೂ ಬದಿಯಿಂದ ಕೈಚಾಚಿದರೆ ನಡುಭಾಗ ಸಿಗುವಷ್ಟೇ ಅಗಲವಿರುವುದರಿಂದ ಮಡಿಯನ್ನು ತುಳಿಯುವ ಪ್ರಮೇಯವೇ ಬರುವುದಿಲ್ಲ, ಮಣ್ಣು ಇಂದಿಗೂ ಸಡಿಲವಾಗಿದೆ.

ತೊಂದರೆ ಕಾಣಿಸಿಕೊಂಡದ್ದು ಜೂನ್ ಕೊನೆಯಲ್ಲಿ. ಮಳೆ ಹಿಡಿದ ಐದಾರು ದಿನಗಳಲ್ಲಿ ಬೀನ್ಸ್ ಗಿಡಗಳ ಕೆಳಗಿನ ಎಲೆಗಳು ಹಳದಿಯಾದವು, ಬದನೆ ಸಸಿಗಳು ಅಷ್ಟು ನೀರಿದ್ದೂ ಬಾಡತೊಡಗಿದವು. ಮಣ್ಣಿಗೆ ಬೆರಳೂರಿ ತೆಗೆದರೆ ಆ ಕುಳಿಯಲ್ಲಿ ಕೂಡಲೇ ನೀರು ತುಂಬಿಕೊಳ್ಳುತ್ತಿತ್ತು. ಕಿತ್ತ ಗಿಡದ ಬೇರು ಕಂದು ಬಣ್ಣಕ್ಕೆ ತಿರುಗಿ, ಅದರ ಸಿಪ್ಪೆ ಬೆರಳಿಗೆ ಅಂಟಿ ಕಳಚಿಕೊಂಡು ಬರುತ್ತಿತ್ತು. ಮಣ್ಣಿಗೆ ಚರಂಡಿಯ ವಾಸನೆ ಹತ್ತಿತ್ತು. ಕೆಳಗಿನ ಹಲಗೆಯೊಂದನ್ನು ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಕಳೆ ಮೇಲೇರದಿರಲೆಂದು ತಳಕ್ಕೆ ಹಾಸಿ, ಬದಿಗಳಿಗೂ ಏರಿಸಿದ್ದ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ತೂತೂ ಇರಲಿಲ್ಲ. ಚಾಕುವಿನಿಂದ ಹಾಳೆಯನ್ನು ಸೀಳಿದಾಗ ಕಪ್ಪು ಕಾಫಿಯ ಬಣ್ಣದ ನೀರು ಅರ್ಧ ಗಂಟೆ ಹರಿಯಿತು.

ಇದರೊಂದಿಗೆ, ತುಂಬಿದ ಮಿಶ್ರಣದಲ್ಲಿ ಮೂರರಲ್ಲೊಂದು ಪಾಲು ಕೋಕೋಪೀಟ್ ಇತ್ತು. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವ ತೆಂಗಿನ ನಾರಿನ ಈ ಪುಡಿ ಬೆಂಗಳೂರಿನ ಬಿಸಿಲಿನ ತಾರಸಿಗೆ ವರವಾಗಬಹುದು, ಆದರೆ ತಿಂಗಳುಗಟ್ಟಲೆ ಮಳೆ ಬಿಡದ ನಮ್ಮೂರಿನ ಮಡಿಗೆ ಅದೇ ಶಾಪವಾಯಿತು. ಕಾಫಿ ಬೀಜ ಮೊಳೆಯಿಸುವ ಮಡಿಯನ್ನು ತೋಟಗಳಲ್ಲಿ ನೀರು ಬಸಿದುಹೋಗಲೆಂದೇ ಎತ್ತರಿಸಿ ಮಾಡುತ್ತಾರೆ. ಏರುಮಡಿಯ ಎತ್ತರದಿಂದ ನಮಗೆ ಸಿಗಬೇಕಾದ ಮೊದಲ ಲಾಭವೂ ಅದೇ, ತಳ ಮುಚ್ಚಿದರೆ ಆ ಲಾಭವೇ ಹೋಗುತ್ತದೆ.

ದೂರು ಕೊಟ್ಟ ನಾಲ್ಕನೆಯ ದಿನ, ಮಳೆಯಲ್ಲಿಯೇ, ಅದೇ ತಂಡ ಮರಳಿ ಬಂದಿತೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಹಾಳೆಯನ್ನು ಹಾಗೆಯೇ ಬಿಟ್ಟು ಅದರ ಮೇಲೆ ಜಲ್ಲಿ ಹಾಸುವುದಾಗಿ ಹೇಳಿದರು. ನಾನು ಒಪ್ಪಲಿಲ್ಲ. ನೀರಿಗೆ ದಾರಿಯೇ ಇಲ್ಲದಿದ್ದರೆ ಜಲ್ಲಿಯ ಮೇಲಿನ ಮಣ್ಣು ನೆನೆದೇ ಇರುತ್ತದೆ. ಕೊನೆಗೆ ಹಾಳೆಯನ್ನು ಪೂರ್ತಿ ತೆಗೆದು, ಮಡಿಯ ಮಣ್ಣು ನೆಲದ ಮಣ್ಣಿಗೆ ತಾಗುವಂತೆ ಮಾಡಿ, ಕೋಕೋಪೀಟಿನ ಪ್ರಮಾಣ ತಗ್ಗಿಸಿ ಮರಳು ಸೇರಿಸಿದರು. ಇದಕ್ಕೆ ಹಣ ಕೇಳಲಿಲ್ಲ. ಕಮಾನಿನಂತೆ ಪೈಪು ಬಗ್ಗಿಸಿ 200 ಮೈಕ್ರಾನ್ ಪಾಲಿಥೀನ್ ಹೊದಿಸಿದ್ದಕ್ಕೆ ಮಾತ್ರ 3,800 ರೂಪಾಯಿ ಬೇರೆ ಕೊಟ್ಟೆವು. ಇಲ್ಲಿಯ ಮಳೆಗೆ ಆ ಹೊದಿಕೆಯನ್ನು ಮೊದಲ ಅಂದಾಜಿನಲ್ಲಿಯೇ ಸೇರಿಸಬೇಕಾಗಿತ್ತು.

ಮಣ್ಣಿನ ಪರೀಕ್ಷೆಯನ್ನೂ ಅವರು ಮಾಡಿಸಿರಲಿಲ್ಲ. ಹೆಚ್ಚು ಮಳೆ ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ಕೊಡಗಿನ ಮಣ್ಣು ಸಾಮಾನ್ಯವಾಗಿ ಹುಳಿಯಾಗಿರುತ್ತದೆ. ನಾವೇ ಪರೀಕ್ಷೆ ಮಾಡಿಸಿದಾಗ ರಸಸಾರ (ಪಿಎಚ್) 5.2 ಬಂದಿತು. ಮಳೆ ನಿಂತ ಮೇಲೆ ಕೃಷಿ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು, ಚೆನ್ನಾಗಿ ಕಳಿತ ಕಾಫಿ ಸಿಪ್ಪೆಯ ಗೊಬ್ಬರ ಹಾಕಿದೆವು.

ಹಲಗೆಯ ವಿಷಯದಲ್ಲಿ ಓದುಗರು ಎಚ್ಚರ ವಹಿಸಬೇಕು. ಸಿಲ್ವರ್ ಓಕ್ ಹಲಗೆ ಅಗ್ಗವಾಗಿ ಸಿಗುತ್ತದೆ, ಆದರೆ ಹಸಿ ಮಣ್ಣಿಗೆ ತಾಗಿದ್ದರೆ ಬೇಗ ಮೆತ್ತಗಾಗುತ್ತದೆ, ಗೆದ್ದಲೂ ಹತ್ತುತ್ತದೆ. ಅದಕ್ಕೆ ಪರಿಹಾರವಾಗಿ ವಾಹನಗಳಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಬಳಿಯುವುದಾಗಿ ತಂಡದವರು ಹೇಳಿದಾಗ ನಾನು ಖಂಡಿತವಾಗಿ ಬೇಡವೆಂದೆ. ಆ ಎಣ್ಣೆಯಲ್ಲಿ ಭಾರಲೋಹಗಳಿರುತ್ತವೆ. ಮಕ್ಕಳು ತೊಳೆದೂ ತೊಳೆಯದೆ ಕಿತ್ತು ತಿನ್ನುವ ಕ್ಯಾರೆಟ್ಟಿನ ಪಕ್ಕದಲ್ಲಿ ಅದು ಇರಬಾರದು. ಸಾವಯವ ಎಂಬ ಹೆಸರಿನಲ್ಲಿ ಹಣ ಪಡೆಯುವವರು ಇದನ್ನು ನಾವು ಹೇಳುವ ಮೊದಲೇ ತಿಳಿದಿರಬೇಕು.

ತುಲಾ ಸಂಕ್ರಮಣ ಕಳೆದ ವಾರದಲ್ಲಿ ಅರ್ಕಾ ಕೋಮಲ್ ಬೀನ್ಸ್, ಮೂಲಂಗಿ, ನವಿಲುಕೋಸು ಮತ್ತು ಕ್ಯಾರೆಟ್ ಬಿತ್ತಿದೆವು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ನಾಲ್ವರ ನಮ್ಮ ಮನೆಗೆ ಬೀನ್ಸ್ ಮತ್ತು ಮೂಲಂಗಿಯನ್ನು ಸಂತೆಯಿಂದ ತರಬೇಕಾಗಲಿಲ್ಲ. ಹಿತ್ತಿಲಿನ ಗಟ್ಟಿ ಮಣ್ಣಿನಲ್ಲಿ ಸದಾ ಕವಲೊಡೆಯುತ್ತಿದ್ದ ಕ್ಯಾರೆಟ್ ಇಲ್ಲಿ ಗೇಣುದ್ದ ನೆಟ್ಟಗೆ ಇಳಿದಿತ್ತು. ಅದನ್ನು ಕೀಳುವಾಗ ಆದ ಸಂತೋಷ ದೊಡ್ಡದು.

ಈಗ ಪಡುವಣ ಬದಿಯ ಕೆಳಹಲಗೆ ಉಗುರು ಊರಿದರೆ ಒಳಗಿಳಿಯುವಷ್ಟು ಮೆತ್ತಗಾಗಿದೆ. ಮೂರನೆಯ ಮಡಿಯನ್ನೂ ಇದೇ ತಂಡಕ್ಕೆ ಒಪ್ಪಿಸಿದ್ದೇನೆ. ಈ ಸಲ ಹಲಗೆಯ ಬದಲು ಸಿಮೆಂಟ್ ಇಟ್ಟಿಗೆ, ತಳಕ್ಕೆ ಏನೂ ಹಾಸಬಾರದು, ಮಳೆಯ ಹೊದಿಕೆ ದರದಲ್ಲಿಯೇ ಸೇರಿರಬೇಕು ಎಂಬ ಮೂರು ಷರತ್ತುಗಳನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಂಡಿದ್ದೇನೆ.