ಸ್ವಿಫ್ಟ್‌ಗೆ 16 ಇಂಚು ಅಲಾಯ್ ವೀಲ್ ಹಾಕ್ಸಿ ತೆಗೆಸಿ, 15ಕ್ಕೆ ಬಂದು 42 ಸಾವಿರ ಕಿಲೋಮೀಟರ್ ಓಡ್ಸಿದ್ಮೇಲೆ

ಗಾಡಿ 2019ರ ಸ್ವಿಫ್ಟ್ ವಿಎಕ್ಸ್ಐ ಪೆಟ್ರೋಲ್. ಓಡಾಟ ಶಿವಮೊಗ್ಗ ಊರೊಳಗೆ, ತಿಂಗಳಿಗೆರಡು ಸಲ ಬೆಂಗಳೂರು, ಮಧ್ಯ ಮಧ್ಯ ತೀರ್ಥಹಳ್ಳಿ ಹತ್ರ ಮಾವನ ಮನೆ, ಅಲ್ಲಿಂದ ಆಗುಂಬೆ ಘಾಟಿ ಇಳಿದು ಉಡುಪಿ. ಕಂಪನಿಯಿಂದ ಬಂದಿದ್ದು 165/80 ಆರ್14 ಟೈರು (165 ಮಿಮೀ ಅಗಲ, ಗೋಡೆ ಎತ್ತರ ಅದರ 80 ಪರ್ಸೆಂಟು, 14 ಇಂಚಿನ ವೀಲಿಗೆ), ಕಬ್ಬಿಣದ ಡಿಸ್ಕು, ಮೇಲೊಂದು ಪ್ಲಾಸ್ಟಿಕ್ ಕ್ಯಾಪು. ನೋಡೋಕೆ ಚಪ್ಪೆ, ಒಪ್ಕೋತೀನಿ, ಅದಕ್ಕೇ 2021ರ ಶುರುವಲ್ಲಿ ಬೆಂಗಳೂರಿಗೆ ಹೋದಾಗ ಜೆಸಿ ರೋಡ್‌ಗೆ ಹೊಕ್ಕಿದ್ದು.

ಅಲ್ಲಿ ಒಂದಂಗಡೀಲಿ ಗೋಡೆ ತುಂಬ ನೇತಾಕಿರೋ ಅಲಾಯ್, ಅಂದ್ರೆ ಅಲ್ಯೂಮಿನಿಯಂ ಮಿಶ್ರಲೋಹದ ವೀಲು, ನೋಡಿ ತಲೆ ಕೆಡ್ತು, ಅಂಗಡಿಯವರು "ಸ್ವಿಫ್ಟ್ ಅಲ್ವಾ ಸಾರ್, ನಾಲ್ಕು ಹೋಲು, ಕಣ್ಮುಚ್ಕೊಂಡು ಕೂರುತ್ತೆ" ಅಂದ್ರು, ನಾನೂ ಕಣ್ಮುಚ್ಕೊಂಡೇ 16 ಇಂಚಿನ 7ಜೆ (ರಿಮ್ 7 ಇಂಚು ಅಗಲ) ವೀಲು, ಅದಕ್ಕೆ 205/55 ಟೈರು ಹಾಕಿಸ್ಕೊಂಡು ಬಂದೆ, ಐವತ್ತೈದು ಸಾವಿರ ಕೈಬಿಡ್ತು.

ಕೂತಿದ್ದೇನೋ ನಿಜ. ನಾಲ್ಕು ಹೋಲು, ಪಿಸಿಡಿ, ಅಂದ್ರೆ ಆ ಹೋಲುಗಳು ಕೂತಿರೋ ವೃತ್ತದ ವ್ಯಾಸ, 100 ಮಿಮೀ, ಅಷ್ಟು ಮ್ಯಾಚ್ ಆಗುತ್ತೆ. ಆದ್ರೆ ಹಿಂದಿನ ಸೀಟಲ್ಲಿ ಮೂರು ಜನ ಕೂತು ಹಂಪ್ ಹಾರಿದ್ರೆ ಎಡಗಡೆ ಹಿಂದೆ ಗರ್ರ್ ಅಂತ ಸದ್ದು. ಇಳಿದು ನೋಡಿದ್ರೆ ಟೈರಿನ ಹೊರಗಡೆ ಅಂಚಲ್ಲಿ ಸುತ್ತಲೂ ಉಜ್ಜಿರೋ ಗುರುತು, ಮಡ್‌ಗಾರ್ಡ್ ತುಟಿಗೆ ತಾಗ್ತಿತ್ತು. ಆವಾಗ ಕೂತು ಲೆಕ್ಕ ಹಾಕ್ದೆ, ದುಡ್ಡು ಕೊಡೋ ಮೊದ್ಲೇ ಹಾಕ್ಬೇಕಿತ್ತು ಬಿಡಿ. 165ರಲ್ಲಿ 80 ಪರ್ಸೆಂಟ್ ಅಂದ್ರೆ 132 ಮಿಮೀ, ಅದು ಟೈರಿನ ಗೋಡೆ, ಮೇಲೂ ಕೆಳಗೂ ಸೇರಿ 264, 14 ಇಂಚು ಅಂದ್ರೆ 355.6, ಒಟ್ಟು ಎತ್ತರ 619.6. ಇದೇ ಥರ 205/55 ಆರ್16 ಲೆಕ್ಕ ಹಾಕಿದ್ರೆ 631.9, ಅಂದ್ರೆ 12 ಮಿಮೀ ದೊಡ್ಡದು, ಸುಮಾರು 2 ಪರ್ಸೆಂಟು. ಮೀಟರಲ್ಲಿ ಅದೇ ಸ್ಪೀಡ್ ಕಂಡ್ರೂ ಗಾಡಿ ಮೊದಲಿಗಿಂತ ಅಷ್ಟು ಜಾಸ್ತಿ ಓಡ್ತಿರುತ್ತೆ. ಇನ್ನು ಅಗಲದ ಕತೆ: ಆಫ್‌ಸೆಟ್, ಅಂದ್ರೆ ವೀಲಿನ ಹಿಂದೆ ಇಟಿ ಅಂತ ಅಚ್ಚಾಗಿರೋ ನಂಬರು, ಅದು 10 ಕಮ್ಮಿ ಆದ್ರೆ ವೀಲು 10 ಮಿಮೀ ಹೊರಗೆ ಬರುತ್ತೆ, ರಿಮ್ 1 ಇಂಚು ಅಗಲ ಆದ್ರೆ ಎರಡೂ ಕಡೆ ಅರ್ಧರ್ಧ ಇಂಚು, ಎರಡೂ ಒಟ್ಟಿಗಾದ್ರೆ ಹೊರಗಡೆ ಒಂದು ಹೆಬ್ಬೆರಳಿನ ಅಗಲ. ಉಜ್ಜದೆ ಇನ್ನೇನು ಮಾಡುತ್ತೆ.

ಇದರ ಜೊತೆ 85 ದಾಟಿದ್ರೆ ಸ್ಟೇರಿಂಗ್ ನಡುಗೋದು. ಎರಡು ಸಲ ಬ್ಯಾಲೆನ್ಸಿಂಗ್ ಮಾಡ್ಸಿದೆ, ಉಹೂಂ. ಕೊನೆಗೆ ನಮ್ಮೂರಿನ ಟೈರ್ ಅಂಗಡಿ ಹುಡುಗ ವೀಲು ಬಿಚ್ಚಿ, ಮತ್ತೆ ಹಾಗೇ ಹಬ್ (ವೀಲಿನ ಮಧ್ಯದ ತೂತು ಕೂರೋ, ಗಾಡಿ ಕಡೆಯ ಉಬ್ಬು) ಮೇಲೆ ಇಟ್ಟು, ಮಧ್ಯದ ತೂತಿಗೂ ಹಬ್ಬಿಗೂ ನಡುವೆ ತನ್ನ ಜೇಬಿನ ಪೆನ್ನು ತೂರಿಸಿ ತೋರ್ಸಿದ. "ನೋಡಿ ಸಾರ್, ವೀಲು ಹಬ್ ಮೇಲೆ ಕೂತೇ ಇಲ್ಲ, ನಾಲ್ಕು ನಟ್ಟಲ್ಲಿ ನೇತಾಡ್ತಿದೆ." ಸ್ವಿಫ್ಟಿನ ಹಬ್ 54.1 ಮಿಮೀ, ಆ ಅಲಾಯ್ ತೂತು 73.1, ಬೇರೆ ಬೇರೆ ಗಾಡಿಗೆ ಒಂದೇ ಮಾಲು ಮಾರೋಕೆ ದೊಡ್ಡದು ಬಿಟ್ಟಿರ್ತಾರೆ, ನಡುವೆ ಒಂದು ರಿಂಗ್ ಹಾಕ್ಬೇಕು. ಪ್ಲಾಸ್ಟಿಕ್ ರಿಂಗು! ಐವತ್ತೈದು ಸಾವಿರ ತಗೊಂಡೋರು ಅದನ್ನ ಕೊಟ್ಟಿರ್ಲಿಲ್ಲ. ಹಾಕಿದ್ಮೇಲೆ ನಡುಕ ಹೋಯ್ತು, ಉಜ್ಜೋದು ಹೋಗ್ಲಿಲ್ಲ. ಟೈರಿನ ಗೋಡೆ ಮೇಲಿನ ನಾಲ್ಕಂಕಿ ನೋಡೋಕೆ ಕಲಿಸಿದ್ದೂ ಅವನೇ, ನಂದು 1119 ಅಂತಿತ್ತು, ಅಂದ್ರೆ 2019ರ 11ನೇ ವಾರದ ಮಾಲು, ಹೊಸದು ಅಂತ ಕೊಟ್ಟಿದ್ದು ಹೆಚ್ಚುಕಮ್ಮಿ ಎರಡು ವರ್ಷ ಹಳೇದು.

ಏಳು ತಿಂಗಳು ಸಹಿಸ್ಕೊಂಡು ಮಾರ್ದೆ, ಅರ್ಧ ದುಡ್ಡೂ ಬರ್ಲಿಲ್ಲ.

ಎರಡನೇ ಸಲ ಅಂಗಡಿಗೆ ಹೋಗೋ ಮೊದ್ಲು ಒಂದೇ ಕೆಲಸ ಮಾಡಿದ್ದು, ನನ್ನ ಗಾಡೀಲೇ ಮೇಲಿನ ಮಾಡೆಲ್‌ಗೆ ಕಂಪನಿ ಏನು ಹಾಕುತ್ತೆ ಅಂತ ನೋಡ್ದೆ. ಝಡ್ಎಕ್ಸ್ಐಗೆ 185/65 ಆರ್15. ಎತ್ತರ 621.5, ನನ್ನ ಹಳೇದಕ್ಕಿಂತ 2 ಮಿಮೀ ವ್ಯತ್ಯಾಸ. ಕಂಪನಿಯೇ ಇದೇ ಗಾಡಿಗೆ ಹಾಕಿ ಕೊಡೋ ಸೈಜು, ತಾಗುತ್ತೋ ಇಲ್ವೋ ಅನ್ನೋ ಚಿಂತೆ ಇಲ್ಲ. ಕಂಪನಿ ಸ್ಪೆಸಿಫಿಕೇಶನ್ ಬಿಟ್ಟು ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರೀಲಿ ಹೇಳಿದೆ, ಇದು ಕಂಪನಿಯದೇ ಸೈಜು ಆಗಿರೋದ್ರಿಂದ ಆ ಕಡೆಯಿಂದಲೂ ನೆಮ್ಮದಿ. 6ಜೆ ಅಲಾಯ್, ಆಫ್‌ಸೆಟ್ ಕಂಪನಿಯದಕ್ಕೆ ಹತ್ತಿರದ್ದು, ಹಿಂದೆ ಜೆಡಬ್ಲ್ಯುಎಲ್ (ಜಪಾನಿನ ಅಲಾಯ್ ವೀಲ್ ಗುಣಮಟ್ಟದ ಗುರುತು) ಅಚ್ಚು ಮತ್ತೆ ಎಷ್ಟು ಲೋಡ್ ತಡೆಯುತ್ತೆ ಅನ್ನೋ ಕೆಜಿ ನಂಬರು ಇರೋದು ನೋಡಿ ತಗೊಂಡೆ, ರಿಂಗ್ ಮೊದ್ಲೇ ಕೇಳ್ದೆ. ಟೈರು ಮಿಶಲಿನ್ ಎಕ್ಸ್ಎಂ2 ಪ್ಲಸ್, 88ಎಚ್, 88 ಅಂದ್ರೆ ಒಂದು ಟೈರು 560 ಕೆಜಿ ಹೊರುತ್ತೆ, ಎಚ್ ಅಂದ್ರೆ 210ರ ತನಕ ಸ್ಪೀಡು.

ಫಿಟ್ಟಿಂಗ್ ಟೈಮಲ್ಲಿ ಇನ್ನೊಂದು ಆಗ್ತಿತ್ತು. ಹುಡುಗ ಡಬ್ಬಿಯಿಂದ ಹೊಸ ನಟ್ಟು ತೆಗೆದು ಕೈಯಲ್ಲಿ ತಿರುಗಿಸ್ದ, ಎರಡು ಸುತ್ತಿಗೇ ಬಿಗಿ, ನಟ್ಟು ಬಿಗಿಯೋ ಗನ್ ತಗೊಳ್ಳೋಕೆ ಹೋದ, ತಡೀಪ್ಪಾ ಅಂದೆ. ಸುಜುಕಿ ಥ್ರೆಡ್ 12×1.25 (12 ಮಿಮೀ ದಪ್ಪ, ಥ್ರೆಡ್ಡಿನ ಸುತ್ತಿಂದ ಸುತ್ತಿಗೆ 1.25 ಮಿಮೀ), ಅವನು ತೆಗೆದಿದ್ದು ಹ್ಯುಂಡೈಗೆ ಹೋಗೋ 12×1.5. ಗನ್ ಹೊಡೆದಿದ್ರೆ ನಟ್ಟು ಕೂರೋ ಸ್ಟಡ್ಡೇ ಹಾಳು. ನಟ್ಟು ಕೊನೆ ತನಕ ಬೆರಳಲ್ಲೇ ಸಲೀಸಾಗಿ ಹೋಗ್ಬೇಕು, ಆಮೇಲೆ ಸ್ಪ್ಯಾನರ್. ನೂರು ಕಿಲೋಮೀಟರ್ ಓಡ್ಸಿ ಮತ್ತೊಂದ್ಸಲ ಟೈಟ್ ಚೆಕ್ ಮಾಡ್ಸಿದೆ.

ಈಗ ಹೇಗಿದೆ ಅಂದ್ರೆ, ಆಗುಂಬೆಯ 14 ತಿರುವಲ್ಲಿ ಮಳೇಲೂ ಧೈರ್ಯವಾಗಿ ಹಿಡ್ಕೊಳ್ಳುತ್ತೆ, 16 ಇಂಚಲ್ಲಿ ಸೊಂಟಕ್ಕೆ ಬಡೀತಿದ್ದ ಗುಂಡಿ ಈಗ ಅಷ್ಟು ಗೊತ್ತಾಗಲ್ಲ. ಮೈಲೇಜ್ ಮೊದ್ಲು 20 ಇತ್ತು, 16 ಇಂಚಲ್ಲಿ ಹದಿನೇಳೂವರೆಗೆ ಬಿದ್ದಿತ್ತು, ಈಗ ಹತ್ತೊಂಬತ್ತೂವರೆ. ಬೇಜಾರು ಅಂದ್ರೆ ಒಂದು ವೀಲು ತರೀಕೆರೆ ಹತ್ರ ಗುಂಡಿಗೆ ಬಿದ್ದು ಅಂಚು ಬೆಂಡ್ ಆಯ್ತು, ಕಬ್ಬಿಣದ ಡಿಸ್ಕ್ ಆಗಿದ್ರೆ ಸುತ್ತಿಗೇಲಿ ಬಡಿದು ಕಳಿಸ್ತಿದ್ರು, ಅಲಾಯ್‌ನ ಹಂಗೆ ಬಡಿದ್ರೆ ಬಿರುಕು ಬಿಡುತ್ತೆ, ಅದಕ್ಕೆ ಅಂತಲೇ ಇರೋರ ಹತ್ರ ಕೊಟ್ಟು ಎರಡು ದಿನ ಕಾಯ್ಬೇಕಾಯ್ತು. ಅಲಾಯ್‌ನ ಇನ್ಶೂರೆನ್ಸ್‌ಗೆ ಸೇರ್ಸಿ, ಸೇರಿಸದಿದ್ರೆ ಕ್ಲೇಮ್ ಟೈಮಲ್ಲಿ ತಕರಾರು ಬರುತ್ತೆ.

ಇನ್ನೊಂದು ಹೇಳೋಕೆ ನಾಚಿಕೆ. ಕಳ್ಳರ ಭಯಕ್ಕೆ ಸ್ಪೆಷಲ್ ಚಾವಿ ಇರೋ ನಟ್ಟು ಹಾಕ್ಸಿದ್ದೆ, ಅರಸೀಕೆರೆ ದಾಟಿ ರಾತ್ರಿ ಹನ್ನೊಂದಕ್ಕೆ ಪಂಕ್ಚರ್, ಸ್ಟೆಪ್ನಿ ಇದೆ, ಜಾಕ್ ಇದೆ, ಚಾವಿ ಮನೆ ಶೋಕೇಸಲ್ಲಿ. ನನ್ನವಳು ಒಂದು ಮಾತೂ ಆಡ್ಲಿಲ್ಲ, ಅದೇ ಹೆಚ್ಚು ಭಯ ಆಯ್ತು. ಹೆದ್ದಾರೀಲಿ ಪಂಪು ಹೊಡ್ಕೊಂಡು ಹೊಡ್ಕೊಂಡು ತಿಪಟೂರು ಸೇರ್ಕೊಂಡ್ವಿ. ಮಾರನೇ ವಾರವೇ ಆ ನಟ್ಟು ಬಿಚ್ಚಿ ಮಾಮೂಲಿ ನಟ್ಟು ಹಾಕ್ಸಿದೆ. ಸ್ಟೆಪ್ನಿ ಹಳೇ 14 ಇಂಚಿಂದೇ ಇದೆ, ಎತ್ತರ ಹೆಚ್ಚುಕಮ್ಮಿ ಒಂದೇ ಆಗಿರೋದ್ರಿಂದ ಊರು ಸೇರೋಕೆ ಸಾಕು, ಅದಕ್ಕೆ ಬೇಕಾದ ಕಂಪನಿ ನಟ್ಟು ನಾಲ್ಕು ಒಂದು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಡಿಕ್ಕೀಲಿ ಇಟ್ಟಿದೀನಿ.

ಟೈರು ಸವೆದು ಗೀರಿನ ಒಳಗಿನ ಗುರುತಿಗೆ, ಅದೇ ಇಷ್ಟಕ್ಕೆ ಬಂದ್ರೆ ಬದಲಾಯಿಸಿ ಅನ್ನೋ 1.6 ಮಿಮೀದು, ಹತ್ತಿರ ಬಂದಿದೆ. ಮಳೆಗಾಲಕ್ಕೆ ಮುಂಚೆ ನಾಲ್ಕೂ ಬದಲಾಯಿಸ್ತೀನಿ, ಅದೇ 185/65.