ರಾಣಿಪುರಂ ಗುಡ್ಡದಲ್ಲಿ ರಾತ್ರಿ ಕ್ಯಾಂಪ್ ಅಂತ ದುಡ್ಡು ಕೇಳಿದರೆ ಕೊಡಬೇಡಿ

ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡದ ತುದಿಯಲ್ಲಿ ಟೆಂಟ್, ಕ್ಯಾಂಪ್‌ಫೈರ್, ಬೆಳಗ್ಗೆ ಸೂರ್ಯೋದಯ. ಹೀಗೆ ಪೋಸ್ಟರ್ ಮಾಡಿ ವಾಟ್ಸಾಪ್‌ನಲ್ಲಿ ಹಂಚುವವರಿಗೆ ದಯವಿಟ್ಟು ಒಂದು ರೂಪಾಯಿಯೂ ಕೊಡಬೇಡಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ನಾನು ಬದಿಯಡ್ಕದ ಕಡೆಯವನು. ಅಕ್ಕ, ಭಾವ, ಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ಆ ಪೋಸ್ಟರ್ ನೋಡಿ ಕ್ಯಾಂಪ್ ಬುಕ್ ಮಾಡಿದೆ. ತಲಾ 1,800 ರೂಪಾಯಿ, ಅರ್ಧ ಮುಂಗಡ. ದುಡ್ಡು ಕಳಿಸುವ ಮೊದಲು ಪೋಸ್ಟರ್‌ನವನನ್ನು ಕೇಳಿದೆ, "ಫಾರೆಸ್ಟ್‌ನವರ ಜಾಗ ಅಲ್ವಾ, ರಾತ್ರಿ ಇರಲು ಬಿಡ್ತಾರಾ?" ಬಂದ ಉತ್ತರ: "ಅಣ್ಣ, ಪರ್ಮಿಶನ್ ಎಲ್ಲ ನಮ್ಮ ಕೈಯಲ್ಲೇ ಇದೆ, ನೀವು ಬಂದರೆ ಸಾಕು." ಜೊತೆಗೆ ಅರಣ್ಯ ಇಲಾಖೆಯ ರಶೀದಿಯ ಫೋಟೋ.

ಕಾಞಂಗಾಡು, ರಾಜಪುರಂ, ಪನತ್ತಡಿ ದಾಟಿ ಮಧ್ಯಾಹ್ನದ ಮೇಲೆ ತಲುಪಿದೆವು. ಟಿಕೆಟ್ ಕೌಂಟರ್ ಮುಚ್ಚುವ ಹೊತ್ತು. ಅಲ್ಲಿದ್ದ ಫಾರೆಸ್ಟ್ ವಾಚರ್ ನನ್ನ ಫೋನ್ ಇಸ್ಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು. ರಶೀದಿ ಹಿಡಿದವನ ಹೆಬ್ಬೆರಳು ಸರಿಯಾಗಿ ತಾರೀಕಿನ ಮೇಲಿತ್ತು! "ಇದು ಹಗಲು ಹತ್ತಿ ಇಳಿಯುವ ಟಿಕೆಟ್. ಬಂದವರಿಗೆಲ್ಲ ನಾವೇ ಕೊಡುವುದು. ರಾತ್ರಿ ಮೇಲೆ ಯಾರನ್ನೂ ಬಿಡುವುದಿಲ್ಲ" ಅಂದರು. ಭಾವ ಏನೂ ಮಾತಾಡಲಿಲ್ಲ. ಬೈದಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಮಕ್ಕಳು ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ನಿಂತಿದ್ದರು.

ಪೋಸ್ಟರ್‌ನವನಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಆಮೇಲೆ ಮೆಸೇಜ್: "ಸಾರ್, ಗುಡ್ಡದ ವ್ಯೂ ಅಂತ ಹೇಳಿದ್ದು, ಗುಡ್ಡದ ಮೇಲೆ ಅಂತ ಹೇಳಿಲ್ಲ." ಪೋಸ್ಟರ್‌ನಲ್ಲಿ 'ತುದಿಯಲ್ಲಿ' ಅಂತ ದೊಡ್ಡಕ್ಷರದಲ್ಲಿ ಇದೆ! ಅದನ್ನೇ ತಿರುಗಿ ಕಳಿಸಿದೆ. ಅದಕ್ಕೆ ಹೇಳುತ್ತಾನೆ, "ಕತ್ತಲಾಗಲಿ ಸಾರ್, ನಮ್ಮ ಹುಡುಗ ಬೇರೆ ದಾರಿಯಲ್ಲಿ ಹತ್ತಿಸ್ತಾನೆ."

ಬೇರೆ ದಾರಿ! ಆ ಗುಡ್ಡದ ಆಚೆ ತಲಕಾವೇರಿ ವನ್ಯಜೀವಿಧಾಮ. ಆನೆ ಓಡಾಡುವ ಕಾಡು. ಅಲ್ಲಿ ಕತ್ತಲಲ್ಲಿ, ಮಕ್ಕಳನ್ನು ಕಟ್ಟಿಕೊಂಡು, ಕದ್ದು ಹತ್ತಬೇಕಂತೆ. ಮೇಲೆ ಹುಲ್ಲುಗಾವಲಿನಲ್ಲಿ ಕ್ಯಾಂಪ್‌ಫೈರ್ ಬೇರೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಜಾಸ್ತಿ ಚಾರಣಿಗರು ಸತ್ತರು. ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗಿ ಬೆಂಕಿ ಹಾಕುವುದು 1961ರ ಕೇರಳ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಸಿಕ್ಕಿಬಿದ್ದರೆ ಕೇಸು ನಮ್ಮ ಮೇಲೆ. ಅವನು ಮನೆಯಲ್ಲಿ ಕೂತಿರುತ್ತಾನೆ.

ಮುಂಗಡ ವಾಪಸ್ ಕೇಳಿದೆ. "ಕ್ಯಾನ್ಸಲ್ ಮಾಡಿದ್ದು ನೀವು ಸಾರ್, ರಿಫಂಡ್ ಇಲ್ಲ." ನಾವು ಕ್ಯಾನ್ಸಲ್ ಮಾಡಿದ್ದಂತೆ! ಆಮೇಲೆ ಬ್ಲಾಕ್.

ಇನ್ನೊಂದು ಹೊಟ್ಟೆಯುರಿ. ಅಲ್ಲಿ ದಾರಿ ನೋಡಿಕೊಳ್ಳುವುದು ಇಲಾಖೆಯ ಜೊತೆ ಊರಿನವರೇ ಇರುವ ವನ ಸಂರಕ್ಷಣಾ ಸಮಿತಿ. ಪ್ಲಾಸ್ಟಿಕ್ ಹೆಕ್ಕುವುದು, ಜನರನ್ನು ಕಾಯುವುದು ಎಲ್ಲ ಅವರೇ. ನಾವು ಕೌಂಟರಿನಲ್ಲಿ ಕೊಡುವ ಟಿಕೆಟ್ ದುಡ್ಡು ಅದಕ್ಕೇ ಹೋಗಬೇಕಾದ್ದು. ಇಂಥವರು ಅವರದೇ ರಶೀದಿ ತೋರಿಸಿ ತಮ್ಮ ಜೇಬು ತುಂಬಿಸಿಕೊಳ್ಳುತ್ತಾರೆ.

ಹೋಗುವುದಾದರೆ ಬೆಳಗ್ಗೆ ಹೋಗಿ, ಟಿಕೆಟ್ ಕೌಂಟರಿನಲ್ಲೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಚಾರಣ ನಿಲ್ಲಿಸುವುದುಂಟು, ಹೊರಡುವ ಮೊದಲು ಅರಣ್ಯ ಕಚೇರಿಗೆ ಫೋನ್ ಮಾಡಿ. ಯಾರಾದರೂ ಪರ್ಮಿಶನ್ ಇದೆ ಅಂದರೆ ನಿಮ್ಮ ಹೆಸರು, ತಾರೀಕು ಇರುವ ಕಾಗದ ಕೇಳಿ. ಫೋಟೋ ಬೇಡ, ಕಾಗದವೇ ಬೇಕು ಅನ್ನಿ.

ನಿನ್ನೆ ಅಕ್ಕನ ಫೋನಿಗೆ ಅದೇ ಪೋಸ್ಟರ್ ಮತ್ತೆ ಬಂದಿದೆ. ಈ ಶನಿವಾರಕ್ಕಂತೆ, ಕೆಲವೇ ಸೀಟು ಉಳಿದಿದೆಯಂತೆ.