ನಾಯಿಗಳಿಗೆಂದು ಮಾಡಿಸಿದ ತೋಟ, ಮೂರು ವರ್ಷ ಬಳಸಿದ ಮೇಲೆ

ನಾಯಿ ಇರುವ ಮನೆಗಳಿಗೆ ತೋಟ ವಿನ್ಯಾಸ ಮಾಡಿಕೊಡುವವರನ್ನು ಮೂರು ವರ್ಷದ ಹಿಂದೆ ಕರೆಸಿದ್ದೆ. ಕೆಲಸ ಮುಗಿದ ವಾರವೇ ವಿಮರ್ಶೆ ಬರೆಯಿರಿ ಅಂತ ಕೇಳಿದರು. ಆಗ ಬರೆದಿದ್ದರೆ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ. ಸೋಮಾರಿತನದಿಂದ ಬರೆಯಲಿಲ್ಲ, ಒಳ್ಳೆಯದೇ ಆಯಿತು. ಈಗ ಮೂರೂವರೆ. ಅದರಲ್ಲಿ ಅರ್ಧ ಸ್ಟಾರ್ ಕಳೆದ ತಿಂಗಳಷ್ಟೇ ಸೇರಿಸಿದ್ದು.

ನಮ್ಮಲ್ಲಿ ಇಬ್ಬರಿದ್ದಾರೆ. ಕೆಂಪಿಗೆ 11 ವರ್ಷ, ನೆರಳು ಸಿಕ್ಕರೆ ಮಲಗುವವಳು. ಟೈಗರ್‌ಗೆ 4, ಬೇಲಿಯಾಚೆ ಎಲೆ ಅಲ್ಲಾಡಿದರೂ ವಿಚಾರಿಸಿಕೊಂಡು ಬರುವವನು. ತೋಟ ಮಾಡಿಸುವಾಗ ಅವನು ಒಂದು ವರ್ಷದ ಪುಂಡ.

ನಕ್ಷೆ ನೋಡೋಕೆ ತುಂಬಾ ಚೆನ್ನಾಗಿತ್ತು. ನಡುವೆ ಬಳುಕುವ ಕಲ್ಲುಹಾದಿ, ಬೇಲಿಯುದ್ದಕ್ಕೂ ಹೂಗಿಡ, ಒಂದು ಕಡೆ ಹುಲ್ಲು. ಆದರೆ ಟೈಗರ್ ಆ ಹಾದಿಯ ಮೇಲೆ ಒಂದು ದಿನವೂ ನಡೆಯಲಿಲ್ಲ. ಅವನಿಗೆ ಬೇಕಿದ್ದದ್ದು ಬೇಲಿಯಂಚು. ಗೇಟಿನಿಂದ ಶುರು ಮಾಡಿ ಹಿಂದಿನ ಮೂಲೆವರೆಗೆ, ಮತ್ತೆ ವಾಪಸ್, ದಿನಕ್ಕೆ ಎಷ್ಟು ಸಲವೋ ಲೆಕ್ಕ ಇಟ್ಟವರಿಲ್ಲ. ಎರಡೇ ತಿಂಗಳಲ್ಲಿ ಹೂಗಿಡಗಳು ನೆಲಕಚ್ಚಿದವು. ಫೋನ್ ಮಾಡಿದರೆ 'ನಾಯಿಗೆ ಸ್ವಲ್ಪ ಟ್ರೈನಿಂಗ್ ಕೊಡಿಸಿ ಸಾರ್' ಅಂದರು. ನಾಯಿಗಾಗಿ ತೋಟವೋ, ತೋಟಕ್ಕಾಗಿ ನಾಯಿಯೋ?

ಆಮೇಲೆ ನಾನೇ ಗಿಡಗಳನ್ನೆಲ್ಲ ಕಿತ್ತು ಎರಡಡಿ ಒಳಗೆ ನೆಟ್ಟೆ. ಬೇಲಿಗೂ ಗಿಡಕ್ಕೂ ನಡುವಿನ ಜಾಗ ಟೈಗರ್‌ಗೆ. ಅಲ್ಲಿ ಮೊದಲು ಸಣ್ಣ ಜಲ್ಲಿ ಹಾಕಿಸಿದೆ, ಅಂಗಾಲಿಗೆ ಚುಚ್ಚುತ್ತಿತ್ತೋ ಏನೋ, ಅದನ್ನು ಬಿಟ್ಟು ಮತ್ತೆ ಗಿಡಗಳ ಮೇಲೆಯೇ ಓಡಿದ. ಜಲ್ಲಿ ತೆಗೆಸಿ ಮರದ ಚೂರು ಹರಡಿದ ಮೇಲೆ ಸುಮ್ಮನಾದ. ಈಗ ಅವನ ದಾರಿ ಗಿಡಗಳ ಹಿಂದೆ ಮರೆಯಾಗಿದೆ, ಹೂವೂ ಉಳಿದಿದೆ. ನಕ್ಷೆ ಬರೆಯುವ ಮೊದಲು ಒಂದು ವಾರ ನಾಯಿಗಳನ್ನು ಖಾಲಿ ಜಾಗದಲ್ಲಿ ಬಿಟ್ಟು ನೋಡಿದ್ದರೆ ಇದೆಲ್ಲ ಆಗಲೇ ಗೊತ್ತಾಗುತ್ತಿತ್ತು. ಅವರು ಬಂದು ಅಳತೆ ತೆಗೆಯುವಾಗ ಟೈಗರ್‌ನನ್ನು ಒಳಗೆ ಕಟ್ಟಿಹಾಕಲು ಹೇಳಿದ್ದರು!

ಹುಲ್ಲಿನ ಕಥೆ ಬೇರೆ. ಮೊದಲ ಬೇಸಿಗೆಯಲ್ಲೇ ತಟ್ಟೆಯಗಲದ ಹಳದಿ ಮಚ್ಚೆಗಳು ಬಂದವು, ಅಂಚಿನಲ್ಲಿ ಮಾತ್ರ ಕಡುಹಸಿರು. ಕೆಂಪಿಯ ಮೂತ್ರ. ಅದರಲ್ಲಿರುವ ಸಾರಜನಕ ಒಂದೇ ಕಡೆ ಜಾಸ್ತಿ ಬಿದ್ದರೆ ಹುಲ್ಲು ಸುಡುತ್ತದೆ. ಅಂಚಿಗೆ ಸ್ವಲ್ಪವೇ ತಾಗುವುದರಿಂದ ಅಲ್ಲಿ ಗೊಬ್ಬರ ಹಾಕಿದ ಹಾಗೆ ಆಗುತ್ತದೆ. ಹೆಣ್ಣು ನಾಯಿ ಕೂತು ಒಂದೇ ಕಡೆ ಬಿಡುವುದರಿಂದ ಮಚ್ಚೆ ಎದ್ದು ಕಾಣುತ್ತದೆ, ಅಷ್ಟೇ. ಮೂತ್ರದಲ್ಲಿ ಹುಳಿ ಜಾಸ್ತಿ, ಸುಣ್ಣ ಹಾಕಿ ಅಂತ ಸಲಹೆ ಕೊಟ್ಟವರಿಗೇನೂ ಕೊರತೆಯಿರಲಿಲ್ಲ. ಹಾಕಿದೆ, ಏನೂ ಆಗಲಿಲ್ಲ. ಅವಳು ಎದ್ದ ಕೂಡಲೇ ಅಲ್ಲಿಗೆ ಒಂದು ಕ್ಯಾನ್ ನೀರು ಸುರಿಯುವುದೇ ಮದ್ದು. ಮೊದಮೊದಲು ಬೇಜಾರಾಗುತ್ತಿತ್ತು, ಈಗ ರೂಢಿಯಾಗಿದೆ. ಜೊತೆಗೆ, ಅವರು ಹಾಸಿದ್ದ ನಾಜೂಕಿನ ಹುಲ್ಲು ತೆಗೆಸಿ ಗರಿಕೆ ಹಾಕಿಸಿದೆ. ಅದು ನೆಲದ ಮೇಲೂ ಒಳಗೂ ಹಬ್ಬುತ್ತದೆ, ಸುಟ್ಟ ಜಾಗವನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೆರಳಲ್ಲಿ ಮಾತ್ರ ಸೊರಗುತ್ತದೆ, ಆ ಭಾಗ ಬೋಳಾಗಿಯೇ ಇದೆ. ಇರಲಿ.

ಹಿತ್ತಲಿನ ತುಂಡು ಜಾಗಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಕಿದ್ದರು. ಅದರ ಬಗ್ಗೆ ಹೆಚ್ಚು ಬರೆಯಲ್ಲ. ಮಧ್ಯಾಹ್ನ ಬರಿಗಾಲಿಡಲು ಆಗುತ್ತಿರಲಿಲ್ಲ, ಸಂಜೆ ಮೂತ್ರದ ವಾಸನೆ. ಎರಡನೇ ವರ್ಷ ಸುತ್ತಿ ಎತ್ತಿಟ್ಟೆ.

ಅಗೆಯುವ ಗುಂಡಿ ಮಾತ್ರ ಅವರ ಜಾಣತನ. ನಾನು ನಕ್ಕಿದ್ದೆ. ನಾಯಿ ಉದ್ದಕ್ಕೆ ಮಲಗುವಷ್ಟು ಅಗಲದ ಮರಳಿನ ತೊಟ್ಟಿ, ಮೂಲೆಯಲ್ಲಿ, ಮರದ ಕೆಳಗೆ. ಮೊದಲ ಹತ್ತು ದಿನ ನಾನೇ ಟೈಗರ್‌ನ ಆಟಿಕೆಗಳನ್ನು ಅದರಲ್ಲಿ ಹೂಳಿ, ಅವನ ಎದುರು ಕೈಯಲ್ಲಿ ಮರಳು ಕೆದಕಿದೆ. ಪಕ್ಕದ ಮನೆಯವರು ಏನಂದುಕೊಂಡರೋ! ಆದರೆ ಅದಾದ ಮೇಲೆ ಅವನು ಮಡಿಗಳನ್ನು ಅಗೆದದ್ದು ಕಮ್ಮಿ. ರಾತ್ರಿ ಮುಚ್ಚಿಡಬೇಕು, ಇಲ್ಲದಿದ್ದರೆ ಬೆಕ್ಕುಗಳು ಬಳಸಿಕೊಳ್ಳುತ್ತವೆ.

ಈಗ ದೊಡ್ಡ ದೂರು. ನಕ್ಷೆಯ ನಡುವೆ, ಎಲ್ಲರ ಕಣ್ಣಿಗೆ ಬೀಳಲಿ ಅಂತ ಅವರು ನೆಟ್ಟದ್ದು ಸೈಕಾಸ್, ತಾಳೆಯ ಹಾಗೆ ಕಾಣುವ ಅಲಂಕಾರದ ಗಿಡ. ಹಳೇ ಕಣಗಿಲೆಯನ್ನು ವಿಷ ಅಂತ ಕಿತ್ತವರೇ ಇದನ್ನು ನೆಟ್ಟಿದ್ದರು. ಲಸಿಕೆ ಹಾಕಿಸಲು ಹೋದಾಗ ಹೆಮ್ಮೆಯಿಂದ ತೋಟದ ಫೋಟೋ ತೋರಿಸಿದೆ. ವೈದ್ಯರು ಹೂವು ನೋಡಲಿಲ್ಲ, ಆ ಗಿಡ ದೊಡ್ಡದು ಮಾಡಿ ನೋಡಿದರು. ಸೈಕಾಸಿನ ಎಲ್ಲ ಭಾಗವೂ ನಾಯಿಗೆ ವಿಷ, ಬೀಜವಂತೂ ಇನ್ನೂ ಕೆಟ್ಟದ್ದು, ಲಿವರ್ ಹಾಳಾಗಿ ಪ್ರಾಣವೇ ಹೋಗಬಹುದು ಅಂದರು. ಅವತ್ತು ಸಂಜೆಯೇ ಬೇರುಸಮೇತ ಕಿತ್ತೆ. ನಾಯಿಯ ಹೆಸರಲ್ಲಿ ಹಣ ತೆಗೆದುಕೊಂಡವರು ಇಷ್ಟು ನೋಡಬಾರದಿತ್ತಾ? ಒಂದೂವರೆ ಸ್ಟಾರ್ ಹೋದದ್ದು ಮುಖ್ಯವಾಗಿ ಇದಕ್ಕೇ. ನೀವು ಮಾಡಿಸುವುದಾದರೆ ಗಿಡಗಳ ಪಟ್ಟಿಯನ್ನು ಮೊದಲೇ ಬರೆಸಿಕೊಂಡು ನಿಮ್ಮ ಪಶುವೈದ್ಯರಿಗೆ ತೋರಿಸಿ.

ಗೊಬ್ಬರದ ಬಗ್ಗೆಯೂ ಯಾರೂ ಹೇಳುವುದಿಲ್ಲ. ಮಡಿಗೆ ಹರಳಿಂಡಿ ಹಾಕುವುದನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ. ಹರಳು ಬೀಜದ ವಿಷ ಹಿಂಡಿಯಲ್ಲೂ ಉಳಿದಿರಬಹುದು, ಮೂಳೆಪುಡಿ ಬೆರೆತಿದ್ದರೆ ನಾಯಿಗಳು ವಾಸನೆ ಹಿಡಿದುಕೊಂಡೇ ಅಲ್ಲಿಗೆ ಬರುತ್ತವೆ. ನಾಯಿಯ ಕಕ್ಕಸನ್ನು ಗೊಬ್ಬರದ ಗುಂಡಿಗೆ ಹಾಕಿ ತರಕಾರಿಗೆ ಬಳಸುವುದೂ ಬೇಡ. ಜಂತುಹುಳದ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ.

ನನಗೆ ಅಂತ ಏನಾಯಿತು ಅಂತ ಕೇಳಿದರೆ, ಎರಡಡಿ ಎತ್ತರದ ಮಡಿಗಳು. ಸೊಪ್ಪಿಗೆ ಬಗ್ಗುವುದು ತಪ್ಪಿತು, ಟೈಗರ್ ಕಾಲೆತ್ತಿದರೂ ಸೊಪ್ಪಿನವರೆಗೆ ತಲುಪುವುದಿಲ್ಲ. ಅವನಿಗೆಂದೇ ಗೇಟಿನ ಹತ್ತಿರ ಒಂದು ಮರದ ದಿಮ್ಮಿ ನೆಟ್ಟುಕೊಟ್ಟಿದ್ದಾರೆ, ಹತ್ತರಲ್ಲಿ ಎಂಟು ಸಲ ಅದಕ್ಕೇ ಹೋಗುತ್ತಾನೆ. ಗೇಟೂ ಎರಡು, ಒಂದರ ಹಿಂದೆ ಒಂದು. ಹೊರಗಿನದು ಹಾಕಿದ ಮೇಲೆ ಒಳಗಿನದು ತೆಗೆಯುವುದು. ಬೇಲಿಯ ಬುಡದಲ್ಲಿ ಜಾಲರಿಯನ್ನು ಒಳಕ್ಕೆ ಬಗ್ಗಿಸಿ ಮಣ್ಣಿನಡಿ ಹೂತಿದ್ದಾರೆ, ತೋಡಿಕೊಂಡು ಹೋಗಲು ಟೈಗರ್ ಎರಡು ಸಲ ನೋಡಿ ಕೈಬಿಟ್ಟ.

ಇನ್ನು ಆ ಅರ್ಧ ಸ್ಟಾರ್. ಹಿಂಬಾಗಿಲಿನಿಂದ ತೋಟಕ್ಕೆ ಮೂರು ಮೆಟ್ಟಿಲು. ಪಕ್ಕದಲ್ಲೇ ಒಂದು ಇಳಿಜಾರು ಇರಲಿ ಅಂತ ಅವರು ಹಟ ಹಿಡಿದಿದ್ದರು. ಕೆಂಪಿಗೆ ಆಗ 8 ವರ್ಷ, ಮೂರೂ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಇಳಿಯುತ್ತಿದ್ದಳು. ಸುಮ್ನೆ ಜಾಗ ದಂಡ ಅಂತ ನಾನು ಜಗಳವಾಡಿದ್ದೆ. ಮೂರು ವರ್ಷ ಅದರ ಮೇಲೆ ಹೂಕುಂಡಗಳನ್ನು ಇಟ್ಟುಕೊಂಡಿದ್ದೆ. ಕಳೆದ ತಿಂಗಳು ಒಂದು ಬೆಳಗ್ಗೆ ಕೆಂಪಿ ಮೆಟ್ಟಿಲ ಮೇಲೆ ನಿಂತು ಒಂದು ಕಾಲು ಕೆಳಗಿಟ್ಟಳು, ವಾಪಸ್ ತೆಗೆದಳು, ನನ್ನ ಮುಖ ನೋಡಿದಳು. ಹೂಕುಂಡಗಳನ್ನು ಒಂದೊಂದಾಗಿ ಎತ್ತಿಟ್ಟೆ. ಅಷ್ಟು ಹೊತ್ತೂ ಅವಳು ಅಲ್ಲೇ ಕೂತು ಕಾದಳು.